ಮಿಸೆಸ್ ಚರ್ಚಿಲ್ ಕೇಸು: ‘ಎಮ್ಮಾ’ ಕಾದಂಬರೀಲಿ ಒಂದ್ಸಲಾನೂ ಕಾಣಿಸ್ದೇ ಸತ್ತ ಅತ್ತೆ

ಇಂಗ್ಲಿಷ್ ಲೇಖಕಿ ಜೇನ್ ಆಸ್ಟೆನ್ ಬರೆದ ‘ಎಮ್ಮಾ’ ಓದಿದೋರಿಗೆ ನಾಯಕಿ ಎಮ್ಮಾ ನೆನಪಿರ್ತಾಳೆ, ಕೊನೇಲಿ ಅವಳನ್ನ ಮದುವೆ ಆಗೋ ನೈಟ್ಲಿ ನೆನಪಿರ್ತಾನೆ, ಉಸಿರು ತಗೊಳ್ದೇ ಮಾತಾಡೋ ಮಿಸ್ ಬೇಟ್ಸ್ ಅಂತೂ ಮರೆಯೋಕೇ ಆಗಲ್ಲ. ಮಿಸೆಸ್ ಚರ್ಚಿಲ್ ಯಾರು ಅಂತ ಕೇಳಿ ನೋಡಿ, ಸುಮಾರು ಜನ ಸ್ವಲ್ಪ ಯೋಚ್ನೆ ಮಾಡಿ "ಓ, ಆ ಫ್ರ್ಯಾಂಕ್ ಚರ್ಚಿಲ್‌ನ ಅತ್ತೆ ಅಲ್ವಾ, ಜೋರು ಹೆಂಗಸು, ಹುಷಾರಿಲ್ಲ ಅಂತ ನಾಟಕ ಆಡ್ಕೊಂಡು ಎಲ್ಲರನ್ನೂ ಕುಣಿಸ್ತಿದ್ಲು, ಕೊನೇಲಿ ಸತ್ಲು" ಅಂತಾರೆ. ಇಷ್ಟೇ ಆಕೆಯ ಪರಿಚಯ. ಇಡೀ ಕಾದಂಬರೀಲಿ ಆಕೆ ಒಂದು ಸೀನಲ್ಲೂ ಬರಲ್ಲ, ಆಕೆ ಬಾಯಿಂದ ನೇರವಾಗಿ ಒಂದು ಮಾತು ನಮ್ಮ ಕಿವಿಗೆ ಬೀಳಲ್ಲ, ಆಕೆ ಬರೆದ ಕಾಗದ ಒಂದನ್ನೂ ನಮಗೆ ಓದಿಸಲ್ಲ, ಸ್ವಂತ ಹೆಸರೇನು ಅನ್ನೋದನ್ನೂ ಹೇಳಲ್ಲ. ಆದ್ರೂ ಕಥೇಲಿ ಯಾರು ಯಾವಾಗ ಊರಿಗೆ ಬರ್ತಾರೆ, ಯಾವಾಗ ವಾಪಸ್ ಹೋಗ್ತಾರೆ, ಡ್ಯಾನ್ಸ್ ಪಾರ್ಟಿ ನಡೆಯತ್ತೋ ಇಲ್ವೋ, ಯಾರ ಮದುವೆ ಯಾರ ಜೊತೆ ಆಗತ್ತೆ, ಎಲ್ಲಾನೂ ಸುತ್ತಿ ಸುತ್ತಿ ಈ ಹೆಂಗಸಿನ ಆರೋಗ್ಯಕ್ಕೇ ಬಂದು ನಿಲ್ಲತ್ತೆ.

ನಾನು ಇಲ್ಲಿ ಮಾಡ್ತಿರೋದು ಏನಂದ್ರೆ ಈಯಮ್ಮನ ಮೇಲೆ ಹೊರಿಸಿರೋ ಆರೋಪಗಳನ್ನ ತೆಗೆದು ಯಾರು ಹೇಳಿದ್ದು, ಯಾವಾಗ ಹೇಳಿದ್ದು, ಹಾಗೆ ಹೇಳೋದ್ರಿಂದ ಹೇಳಿದೋರಿಗೆ ಏನು ಅನುಕೂಲ ಇತ್ತು ಅಂತ ನೋಡೋದು. ಆಕೆ ಒಳ್ಳೇವಳು ಅಂತ ಸಾಬೀತು ಮಾಡೋಕೆ ಹೊರಟಿಲ್ಲ. ಕೋಪಿಷ್ಠೆ, ಅಹಂಕಾರಿ ಅನ್ನೋದನ್ನ ನಾನೂ ನಂಬ್ತೀನಿ, ಅದಕ್ಕೆ ಸಾಕ್ಷಿ ಇದೆ. ಆದ್ರೆ ಬೇರೆಯವರು ಮಾಡಿದ ತಪ್ಪೂ ಆಕೆ ಖಾತೆಗೇ ಬಿದ್ದಿದೆ ಅನ್ನೋದು ಕಾದಂಬರಿಯೊಳಗೇ ಕಾಣತ್ತೆ, ನಾವು ಓದುವಾಗ ಅದನ್ನ ದಾಟ್ಕೊಂಡು ಹೋಗಿಬಿಡ್ತೀವಿ.

ಮೊದಲು ಹಿನ್ನೆಲೆ ಹೇಳ್ಬಿಡ್ತೀನಿ. ಪುಸ್ತಕ ಹೊರಬಂದಿದ್ದು 1815ರ ಡಿಸೆಂಬರ್‌ನಲ್ಲಿ, ಟೈಟಲ್ ಪೇಜಲ್ಲಿ 1816 ಅಂತ ಇದೆ. ಕಥೆ ನಡೆಯೋ ಹೈಬರಿ ಲಂಡನ್‌ನಿಂದ 16 ಮೈಲಿ ದೂರ, ಸರ್ರೆ ಕಡೆ. ಚರ್ಚಿಲ್ ಮನೆತನದ ಎಸ್ಟೇಟು ಎನ್ಸ್‌ಕೂಮ್ ಇರೋದು ಉತ್ತರಕ್ಕೆ ಯಾರ್ಕ್‌ಶೈರ್‌ನಲ್ಲಿ, ಲಂಡನ್‌ನಿಂದ ಸುಮಾರು 190 ಮೈಲಿ, ಕುದುರೆ ಗಾಡಿ ಕಾಲದಲ್ಲಿ ಅದು ದಾರೀಲಿ ರಾತ್ರಿ ಉಳ್ಕೊಂಡು ಮಾಡೋ ಪ್ರಯಾಣ. ಹೈಬರಿಯ ವೆಸ್ಟನ್ ಅನ್ನೋರು ಹುಡುಗ್ರಾಗಿದ್ದಾಗ ಮಿಲಿಶಿಯಾದಲ್ಲಿ ಕ್ಯಾಪ್ಟನ್ ಆಗಿದ್ರು, ಆ ದೊಡ್ಡ ಮನೆ ಹುಡುಗಿ ಮಿಸ್ ಚರ್ಚಿಲ್ ಇವರನ್ನ ಇಷ್ಟಪಟ್ಟು ಅಣ್ಣ ಅತ್ತಿಗೆ ಇಬ್ರೂ ಬೇಡ ಅಂದ್ರೂ ಕೇಳ್ದೆ ಮದುವೆ ಆದ್ಲು. ಆ ಅತ್ತಿಗೇನೇ ನಮ್ಮ ಮಿಸೆಸ್ ಚರ್ಚಿಲ್. ಅವರು ಸಂಬಂಧ ಕಡ್ಕೊಂಡ್ರು. ಮದುವೆಯಾದ ಮೂರು ವರ್ಷಕ್ಕೆ ಹುಡುಗಿ ತೀರಿಕೊಂಡ್ಲು, ಪುಟ್ಟ ಮಗು ಫ್ರ್ಯಾಂಕ್ ಉಳಿದ. ಮಕ್ಕಳಿಲ್ಲದ ಸೋದರಮಾವ ಮತ್ತು ಅತ್ತೆ, ಮಗೂನ ನಾವೇ ಸಾಕ್ತೀವಿ ಕೊಡಿ ಅಂದ್ರು, ವೆಸ್ಟನ್ ಕೊಟ್ರು. ಹುಡುಗ ಅಲ್ಲೇ ಬೆಳೆದ, ವಯಸ್ಸಿಗೆ ಬಂದ ಮೇಲೆ ಚರ್ಚಿಲ್ ಅನ್ನೋ ಹೆಸರೂ ಇಟ್ಕೊಂಡ, ಆಸ್ತಿಗೆ ಅವನೇ ವಾರಸುದಾರ ಅನ್ನೋದು ಎಲ್ಲರಿಗೂ ಗೊತ್ತಿರೋ ವಿಷಯ. ಕಥೆ ಶುರುವಾದಾಗ ಅವನಿಗೆ 23 ವರ್ಷ.

ಇಲ್ಲೇ ಒಂದು ಮಾತು. ಮನಸ್ತಾಪ ಇದ್ದ ನಾದಿನಿಯ ಮಗನನ್ನ ತಂದು ಇಪ್ಪತ್ತು ವರ್ಷ ಸಾಕಿದ್ದು ಕೆಲಸವೇ ಅಲ್ಲ ಅನ್ನೋ ಥರ ಹೈಬರೀಲಿ ಎಲ್ಲರೂ ಮಾತಾಡ್ತಾರೆ. ಆಕೆಗೆ ಫ್ರ್ಯಾಂಕ್ ಅಂದ್ರೆ ಪ್ರಾಣ ಅನ್ನೋದನ್ನ ವೆಸ್ಟನ್ ಅವರೇ ಒಪ್ಕೋತಾರೆ, ಒಪ್ಕೊಂಡು ಅದೇ ಉಸಿರಲ್ಲಿ ಬೇರೆಯವರ ವಿಷಯಕ್ಕೆ ಬಂದ್ರೆ ಆಕೆಯದು ಕಲ್ಲಿನಂಥ ಎದೆ, ದೆವ್ವದಂಥ ಕೋಪ ಅಂತಾರೆ.

ಸಾಕ್ಷಿಗಳು ಯಾರು ಅಂತ ನೋಡಿದ್ರೆ, ಹೈಬರೀಲಿ ಆಕೆ ಹೇಗೆ ಅಂತ ನೇರ ಅನುಭವದಿಂದ ಹೇಳೋ ಸ್ಥಿತೀಲಿ ಇರೋರು ಇಬ್ರೇ, ಒಬ್ರು ಹಳೇ ಗಾಯ ಇರೋ ವೆಸ್ಟನ್, ಇನ್ನೊಬ್ಬ ಫ್ರ್ಯಾಂಕ್. ಮಿಕ್ಕೋರೆಲ್ಲ ಇವರಿಬ್ಬರಿಂದ ಕೇಳಿದ್ದನ್ನ ದಾಟಿಸೋರು. ಎಮ್ಮಾಳ ಅಕ್ಕ ಇಸಬೆಲ್ಲಾ ಹೇಳೋದು ಕೇಳಿ: ಮಿಸೆಸ್ ಚರ್ಚಿಲ್ ಹೇಗೆ ಅಂತ ಎಲ್ಲರಿಗೂ ಗೊತ್ತಲ್ವಾ, ಪಾಪ ಆ ಹುಡುಗ, ಸದ್ಯ ಅವಳಿಗೆ ಸ್ವಂತ ಮಕ್ಕಳು ಆಗ್ಲಿಲ್ವಲ್ಲ ಅದೇ ಪುಣ್ಯ, ಆಗಿದ್ರೆ ಆ ಮಕ್ಕಳು ಎಷ್ಟು ನರಳ್ತಿದ್ವೋ ಅಂತ. ಇಸಬೆಲ್ಲಾ ಕೆಟ್ಟವಳಲ್ಲ, ತನ್ನ ಮಕ್ಕಳ ಮೇಲೆ ಜೀವ ಇಟ್ಟಿರೋ ಮೃದು ಸ್ವಭಾವದ ಹೆಂಗಸು. ಕಣ್ಣಲ್ಲೂ ಕಾಣದ ಒಬ್ಬ ಹೆಂಗಸಿಗೆ ಮಕ್ಕಳಾಗದೇ ಇದ್ದಿದ್ದು ದೇವರ ದಯೆ ಅನ್ನೋ ಮಾತು ಅಂಥವಳ ಬಾಯಲ್ಲಿ ಅಷ್ಟು ಸಲೀಸಾಗಿ ಬರತ್ತೆ ಅಂದ್ರೆ, ಊರಲ್ಲಿ ಆ ಹೆಸರು ಎಷ್ಟು ಕೆಟ್ಟಿತ್ತು ಅಂತ ಲೆಕ್ಕ ಹಾಕಿ.

ಈಗ ಮೊದಲನೇ ಆರೋಪ. ವೆಸ್ಟನ್ ಎರಡನೇ ಮದುವೆ ಮಾಡ್ಕೊಂಡ್ರು, ಎಮ್ಮಾಳ ಗವರ್ನೆಸ್, ಅಂದ್ರೆ ಮನೇಲೇ ಇದ್ದು ಪಾಠ ಹೇಳೋ ಟೀಚರ್, ಆಗಿದ್ದ ಮಿಸ್ ಟೇಲರ್‌ನ. ಹೊಸ ಮಲತಾಯಿಯನ್ನ ನೋಡೋಕೆ ಮಗ ಬರ್ಬೇಕಲ್ವಾ, ಚೆಂದದ ಕಾಗದ ಬರೆದ, ಬರ್ಲಿಲ್ಲ. ಜನವರೀಲಿ ಬರ್ತೀನಿ ಅಂದ, ಆಗ್ಲೂ ಬರ್ಲಿಲ್ಲ. ಕಾರಣ? ಅತ್ತೆ ಬಿಡ್ತಿಲ್ಲ. ಊರೆಲ್ಲ ಅಯ್ಯೋ ಪಾಪ ಅಂತು. ಒಪ್ಪದೇ ಇದ್ದೋನು ನೈಟ್ಲಿ ಒಬ್ಬನೇ. ಅವನ ವಾದ ತುಂಬಾ ನೇರ: ಈ ಹುಡುಗ ಯಾವಾಗ ನೋಡಿದ್ರೂ ಯಾವ್ದೋ ಒಂದು ಸಮುದ್ರ ತೀರದ ಊರಲ್ಲಿ ಇರ್ತಾನೆ, ಮೊನ್ನೆ ಮೊನ್ನೆ ವೇಮತ್‌ನಲ್ಲಿ ಇದ್ದ, ಅಲ್ಲಿಗೆಲ್ಲ ಹೋಗೋಕೆ ಬಿಡೋ ಅತ್ತೆ ಅಪ್ಪನ ಮನೆಗೆ ಬಿಡಲ್ವಾ, ಮನಸ್ಸಿದ್ದಿದ್ರೆ ಬರ್ತಿದ್ದ ಅಂತ. ಎಮ್ಮಾ ಇದಕ್ಕೆ ಜಗಳಕ್ಕೇ ನಿಂತುಬಿಡ್ತಾಳೆ.

ನೈಟ್ಲಿ ಸರಿ ಇದ್ದ. ಇದು ನನ್ನ ಊಹೆ ಅಲ್ಲ, ಕೊನೇಲಿ ಫ್ರ್ಯಾಂಕ್ ತಾನೇ ಮಲತಾಯಿಗೆ ಬರೆಯೋ ಉದ್ದದ ಕಾಗದದಲ್ಲಿ ಒಪ್ಕೋತಾನೆ. ವೇಮತ್‌ನಲ್ಲಿ ಅಕ್ಟೋಬರ್ ತಿಂಗಳಲ್ಲೇ ಜೇನ್ ಫೇರ್‌ಫ್ಯಾಕ್ಸ್ ಅನ್ನೋ ಅಪ್ಪ ಅಮ್ಮ ಇಲ್ಲದ ಬಡ ಹುಡುಗಿ ಜೊತೆ ಗುಟ್ಟಾಗಿ ಮದುವೆ ಮಾತು ಕೊಟ್ಟಿದ್ದ. ಆ ಜೇನ್ ಹೈಬರೀಲಿರೋ ಅಜ್ಜಿ ಮತ್ತು ದೊಡ್ಡಮ್ಮನ ಮನೆಗೆ ಬಂದಿದ್ದು ಜನವರೀಲಿ, ಇವನು ಪ್ರತ್ಯಕ್ಷ ಆಗಿದ್ದು ಫೆಬ್ರವರೀಲಿ. ಹಿಂದೆ ತಿರುಗಿ ನೋಡಿ, ಜೇನ್ ಹೈಬರಿಗೆ ಬರೋವರೆಗೂ ನಾನು ಬರಲೇ ಇಲ್ಲ ಅನ್ನೋದು ಗೊತ್ತಾಗತ್ತೆ, ಕಡೆಗಣಿಸಿದ್ದು ನಿಮ್ಮನ್ನೇ ಆದ್ರಿಂದ ನೀವೇ ಕ್ಷಮಿಸ್ತೀರಿ ಅನ್ನೋ ಅರ್ಥದಲ್ಲಿ ಬರೀತಾನೆ. ಅಂದ್ರೆ ನಾಲ್ಕು ತಿಂಗಳು ಇಡೀ ಊರು ಅತ್ತೆಗೆ ಶಾಪ ಹಾಕಿದ್ದು ಫ್ರ್ಯಾಂಕ್‌ಗೇ ಬರೋ ಮನಸ್ಸಿಲ್ಲದ ವಿಷಯಕ್ಕೆ. ಆ ಕಾಗದ ಓದಿದ ಮೇಲೂ ಯಾರೊಬ್ರೂ "ಹಾಗಾದ್ರೆ ಆಗ ಆಯಮ್ಮನ್ನ ಸುಮ್ನೆ ಬೈದ್ವಲ್ಲ" ಅಂತ ಅನ್ನಲ್ಲ. ನನಗೆ ಇಡೀ ಪುಸ್ತಕದಲ್ಲಿ ಬೇಜಾರಾಗೋ ಜಾಗಗಳಲ್ಲಿ ಇದು ಮುಖ್ಯವಾದ್ದು.

ಇನ್ನೊಂದು ಸಣ್ಣ ವಿಷಯ ಇದೆ, ಎಮ್ಮಾ ಜೊತೆ ಮಾತಾಡುವಾಗ ಫ್ರ್ಯಾಂಕೇ ಬಾಯಿ ಬಿಡ್ತಾನೆ: ಅತ್ತೆ ಹತ್ರ ನಂದು ನಡೆಯತ್ತೆ, ಸ್ವಲ್ಪ ಟೈಮ್ ಕೊಟ್ರೆ ಒಂದೆರಡು ವಿಷಯ ಬಿಟ್ಟು ಬೇರೆ ಎಲ್ಲದಕ್ಕೂ ಒಪ್ಪಿಸಬಲ್ಲೆ ಅಂತ. ಫಾರಿನ್ ಟೂರ್ ಹೋಗ್ತೀನಿ ಅಂದಾಗ ಆಕೆ ಸುತರಾಂ ಬೇಡ ಅಂದಿದ್ದಳಂತೆ, ಅದೊಂದು. ಇಷ್ಟು ಪ್ರಭಾವ ಇರೋ ಹುಡುಗ ಜೇನ್ ವಿಷಯ ಒಮ್ಮೆಯಾದ್ರೂ ಪ್ರಸ್ತಾಪ ಮಾಡಿದ್ನಾ? ಇಲ್ಲ. ಆಕೆ ಒಪ್ಪಲ್ಲ ಅಂತ ತಾನೇ ತೀರ್ಮಾನ ಮಾಡ್ಕೊಂಡು ಜೇನ್‌ನ ಎಂಟು ತಿಂಗಳು ಸುಳ್ಳಿನಲ್ಲಿ ಬದುಕೋ ಹಾಗೆ ಮಾಡಿದ. ನಾದಿನಿಯ ಮದುವೇಲಿ ಆಕೆ ನಡ್ಕೊಂಡ ರೀತಿ ನೋಡಿದ್ರೆ ಬಹುಶಃ ಒಪ್ತಿರಲಿಲ್ಲ, ಅದು ನಿಜ, ಆದ್ರೆ ಕೇಳದೇ ಇರೋ ಪ್ರಶ್ನೆಗೆ ಇಲ್ಲ ಅಂದಳು ಅಂತ ಬರ್ಕೊಂಡಿರೋದೂ ಅಷ್ಟೇ ನಿಜ.

ಫೆಬ್ರವರಿ ಕಥೆಗೆ ಬರೋಣ. ಎರಡು ವಾರದ ಮಟ್ಟಿಗೆ ಬಂದ ಫ್ರ್ಯಾಂಕು, ಕ್ರೌನ್ ಇನ್ ಅನ್ನೋ ಛತ್ರದಂಥ ಹೋಟೆಲ್‌ನಲ್ಲಿ ಡ್ಯಾನ್ಸ್ ಇಟ್ಕೊಳೋಣ ಅಂತ ಪ್ಲಾನ್ ಮಾಡಿ, ಇನ್ನೊಂದೆರಡು ದಿನ ಇರ್ತೀನಿ ಅಂತ ಎನ್ಸ್‌ಕೂಮ್‌ಗೆ ಬರೆದ. ಅವರಿಗೆ ಇಷ್ಟ ಇಲ್ದಿದ್ರೂ ಬೇಡ ಅನ್ಲಿಲ್ಲ, ಇರು ಅಂದ್ರು. ಇದನ್ನ ಗಮನಿಸಿ, ಎಲ್ಲರೂ ಹೇಳೋ ಆ ರಾಕ್ಷಸಿ ಇಲ್ಲಿ ಬಿಟ್ಟುಕೊಟ್ಟಿದ್ದಾಳೆ. ಎರಡು ದಿನ ಎಲ್ಲಾ ಖುಷಿಯಾಗಿದ್ರು, ಆಮೇಲೆ ಮಾವನ ಕಾಗದ ಬಂತು: ಅತ್ತೆಗೆ ತುಂಬಾ ಹುಷಾರಿಲ್ಲ, ಎರಡು ದಿನದ ಹಿಂದೆ ನಿನಗೆ ಕಾಗದ ಬರೆಯುವಾಗ್ಲೇ ನರಳ್ತಿದ್ಲು, ನಿನಗೆ ಬೇಜಾರಾಗ್ಬಾರ್ದು ಅಂತ ಹೇಳಿರ್ಲಿಲ್ಲ, ಈಗ ತಡ ಮಾಡದೆ ಹೊರಡು ಅಂತ. ಹೇಳ್ದೆ ಸಹಿಸ್ಕೊಂಡಿದ್ಲು ಅನ್ನೋದು ಆಕೆಯ ಗಂಡನ ಮಾತು, ಕಾದಂಬರಿ ಅದನ್ನ ನಂಬೋ ಧಾಟೀಲಿ ಹೇಳಲ್ಲ, ಓದೋರೂ ನಂಬಲ್ಲ. ಫ್ರ್ಯಾಂಕ್‌ಗಂತೂ ಗಾಬರಿನೇ ಆಗ್ಲಿಲ್ಲ, ಅವನ ಯೋಚ್ನೆಯನ್ನ ಆಸ್ಟೆನ್ ಒಂದೇ ಸಾಲಲ್ಲಿ ಕೊಡ್ತಾಳೆ: ಆಕೆಯ ಕಾಯಿಲೆಗಳು ಅವನಿಗೆ ಗೊತ್ತಿದ್ದವೇ, ಆಕೆಗೆ ಅನುಕೂಲ ಇದ್ದಾಗ ಬಿಟ್ಟು ಬೇರೆ ಯಾವಾಗ್ಲೂ ಬರ್ತಿರ್ಲಿಲ್ಲ.

ಈ ಸಾಲನ್ನ ನೆನಪಲ್ಲಿಟ್ಕೊಂಡು ಎರಡು ತಿಂಗಳು ಮುಂದಕ್ಕೆ ಬನ್ನಿ. ಚರ್ಚಿಲ್ ದಂಪತಿ ಲಂಡನ್‌ಗೆ ಬಂದು ಮ್ಯಾಂಚೆಸ್ಟರ್ ಸ್ಟ್ರೀಟಲ್ಲಿ ಮನೆ ಮಾಡ್ತಾರೆ. ಹೊರಡೋ ಮುಂಚೆ ಆಕೆ ಒಂದು ವಾರದಿಂದ ಸೋಫಾ ಬಿಟ್ಟು ಎದ್ದಿಲ್ಲ, ಗಿಡಗಳ ಗಾಜಿನ ಮನೆವರೆಗೆ ಹೋಗೋಕೂ ಒಂದು ಕಡೆ ಗಂಡ ಇನ್ನೊಂದು ಕಡೆ ಫ್ರ್ಯಾಂಕ್ ತೋಳು ಹಿಡ್ಕೋಬೇಕು ಅನ್ನೋ ಸುದ್ದಿ ವೆಸ್ಟನ್‌ಗೆ ಬಂದಿತ್ತು. ಅಷ್ಟು ನಿತ್ರಾಣ ಇರೋಳು ದಾರೀಲಿ ಎರಡೇ ರಾತ್ರಿ ತಂಗಿ ಲಂಡನ್ ಸೇರ್ತೀನಿ ಅಂತಾಳೆ ನೋಡಿ ಅಂತ ವೆಸ್ಟನ್ ಅದನ್ನೇ ನಾಟಕಕ್ಕೆ ಪ್ರೂಫ್ ಥರ ಊರಿನ ಪಾದ್ರಿ ಹೆಂಡತಿ ಮಿಸೆಸ್ ಎಲ್ಟನ್ ಮುಂದೆ ಹೇಳ್ತಾರೆ. ನನಗೆ ಅದೇ ಮಾತು ಉಲ್ಟಾ ಕಾಣತ್ತೆ. ಎದ್ದು ನಿಲ್ಲೋಕಾಗದ ಮನುಷ್ಯರು ದೊಡ್ಡ ಡಾಕ್ಟರ್ ಇರೋ ಊರಿಗೆ ಬೇಗ ತಲುಪ್ಬೇಕು ಅಂತ ಹಠ ಹಿಡಿಯೋದರಲ್ಲಿ ವಿಚಿತ್ರ ಏನಿದೆ?

ಲಂಡನ್ ಗಲಾಟೆ ಆಕೆಗೆ ಆಗ್ಲಿಲ್ಲ, ಹತ್ತು ದಿನದಲ್ಲಿ ರಿಚ್ಮಂಡ್‌ಗೆ ಹೋದ್ರು, ಅಲ್ಲೊಬ್ರು ಹೆಸರಾಂತ ವೈದ್ಯರ ಚಿಕಿತ್ಸೆ ಸಿಗತ್ತೆ ಅಂತ. ಆ ಹೊತ್ತಿಗೆ ಫ್ರ್ಯಾಂಕ್ ಮಾತು ಬದಲಾಗಿದೆ. ಅರ್ಧ ವರ್ಷದ ಹಿಂದೆ ಇದ್ದಷ್ಟು ಶಕ್ತಿ ಈಗಿಲ್ಲ, ಕೆಲವು ಬರೀ ಭ್ರಮೆ ಇರ್ಬಹುದು ಆದ್ರೆ ಕಾಯಿಲೆ ನಿಜ ಅಂತ ಅವನು ಗಟ್ಟಿಯಾಗಿ ಹೇಳ್ತಾನೆ, ಅಪ್ಪ ಎಷ್ಟೇ ಅನುಮಾನ ಪಟ್ರೂ ಅದೆಲ್ಲ ಸುಳ್ಳು ಅನ್ನೋಕೆ ಒಪ್ಪಲ್ಲ. ದಿನಾ ಹತ್ತಿರದಿಂದ ನೋಡ್ತಿರೋನು ಕೊಟ್ಟಿರೋ ಹೇಳಿಕೆ ಇದು, ಇಡೀ ಕೇಸಲ್ಲಿ ಆಕೆ ಪರವಾಗಿ ಇರೋ ಬಲವಾದ ಸಾಕ್ಷಿ. ಫೆಬ್ರವರೀಲಿ ಆಕೆಯ ಕಾಯಿಲೆ ಅವನನ್ನ ಜೇನ್‌ನಿಂದ ದೂರ ಎಳೀತು, ಆಗ ಸುಳ್ಳು ಅನ್ನಿಸ್ತು. ಈಗ ಅದೇ ಕಾಯಿಲೆ ಅವನನ್ನ ಹೈಬರಿಯಿಂದ ಬರೀ ಒಂಬತ್ತು ಮೈಲಿ ಹತ್ತಿರಕ್ಕೆ ತಂದಿದೆ, ನಿಜ ಅನ್ನಿಸ್ತಿದೆ. ಹುಡುಗ ಬೇಕಂತ ಸುಳ್ಳು ಹೇಳ್ತಿದ್ದ ಅಂತ ನಾನು ಹೇಳ್ತಿಲ್ಲ, ನಮಗೆ ಅಡ್ಡ ಬರೋ ನೋವು ಚಿಕ್ಕದಾಗಿ ಕಾಣೋದು ಮನುಷ್ಯ ಸ್ವಭಾವ, ಆಸ್ಟೆನ್‌ಗೆ ಅದು ಚೆನ್ನಾಗಿ ಗೊತ್ತಿತ್ತು.

ವೈದ್ಯಕೀಯದ ಕಡೆಯಿಂದ್ಲೂ ಒಂದು ಮಾತು ಸೇರಿಸ್ಬೇಕು. ಸ್ಟೆತಸ್ಕೋಪ್ ಅನ್ನೋದನ್ನ ಪ್ಯಾರಿಸ್ಸಲ್ಲಿ ಲೆನೆಕ್ ಕಂಡುಹಿಡಿದಿದ್ದು 1816ರಲ್ಲಿ, ಅಂದ್ರೆ ಈ ಕಾದಂಬರಿ ಹೊರಬಂದ ಮೇಲೆ. ಬಿಪಿ ನೋಡೋಕಾಗಲಿ ಇಸಿಜಿ ಮಾಡೋಕಾಗಲಿ ಏನೂ ಇಲ್ಲದ ಕಾಲ. ಹೊರಗೆ ಕಾಣದ ಕಾಯಿಲೆಗೆಲ್ಲ, ಅದ್ರಲ್ಲೂ ಹೆಂಗಸರಿಗೆ ಬಂದಿದ್ದಕ್ಕೆ, ನರಗಳ ತೊಂದರೆ ಅನ್ನೋ ಒಂದೇ ಲೇಬಲ್ಲು. ಕಾದಂಬರಿ ಪಾತ್ರಕ್ಕೆ ಇವತ್ತಿನ ರೋಗದ ಹೆಸರು ಕೊಡೋದು ನನಗೆ ಇಷ್ಟ ಇಲ್ಲ, ಕೊಡೋಕೆ ಬೇಕಾದಷ್ಟು ಮಾಹಿತೀನೂ ಪುಸ್ತಕದಲ್ಲಿಲ್ಲ. ಆದ್ರೆ ಲಕ್ಷಣಗಳನ್ನ ಜೋಡಿಸಿದ್ರೆ, ತಿಂಗಳುಗಟ್ಟಲೆ ಏರ್ತಾ ಹೋಗಿರೋ ನಿಶ್ಶಕ್ತಿ, ಶಬ್ದ ತಡ್ಕೊಳೋಕೆ ಆಗದೇ ಇರೋದು, ಆಮೇಲೆ ಜೂನ್‌ನಲ್ಲಿ ನೈಟ್ಲಿ ಮನೆ ಡಾನ್‌ವೆಲ್‌ನ ಸ್ಟ್ರಾಬೆರಿ ಪಾರ್ಟಿ ದಿನ ಗಂಟೆಗಟ್ಟಲೆ ಇದ್ದ ಒಂದು ಅಟ್ಯಾಕು. ಅವತ್ತು ಫ್ರ್ಯಾಂಕ್ ತಡವಾಗಿ, ಬಿಸಿಲಲ್ಲಿ ಬೆಂದು, ಸಿಡುಕ್ತಾ ಬಂದು ಅತ್ತೆಗೆ ಹೀಗಾಯ್ತು ಅದಕ್ಕೇ ತಡ ಆಯ್ತು ಅಂತಾನೆ. ಎಮ್ಮಾ ಅವನ ಸಿಡುಕನ್ನ ಸಮಾಧಾನ ಮಾಡ್ತಾಳೆ, ಅತ್ತೆ ಹೇಗಿದಾರೆ ಅನ್ನೋ ಚಿಂತೆ ಅಲ್ಲಿ ಯಾರಿಗೂ ಬರಲ್ಲ.

ಮಾರನೇ ದಿನ ಬಾಕ್ಸ್ ಹಿಲ್ ಪಿಕ್ನಿಕ್ಕು, ಎಮ್ಮಾ ಮಿಸ್ ಬೇಟ್ಸ್‌ಗೆ ಅವಮಾನ ಮಾಡೋ ದಿನ, ಫ್ರ್ಯಾಂಕ್ ಎಲ್ಲರೆದುರು ಎಮ್ಮಾ ಜೊತೆ ಫ್ಲರ್ಟ್ ಮಾಡಿ ಜೇನ್‌ನ ಸುಟ್ಟುಹಾಕೋ ದಿನ. ಅವತ್ತು ಸಂಜೆ ರಿಚ್ಮಂಡ್‌ನಿಂದ ಆಳು ಬರ್ತಾನೆ, ಮಾವನ ಚೀಟಿ: ಅತ್ತೆ ಪರವಾಗಿಲ್ಲ, ನಾಳೆ ಬೆಳಿಗ್ಗೆ ಬೇಗ ಬಂದ್ರೆ ಸಾಕು ಅಂತ. ಫ್ರ್ಯಾಂಕ್ ಬೆಳಿಗ್ಗೆವರೆಗೆ ಕಾಯಲ್ಲ, ಜೇನ್ ಜೊತೆ ಜಗಳ ಆಗಿರೋ ಸಿಟ್ಟಲ್ಲಿ ಬಾಡಿಗೆ ಗಾಡಿ ತರಿಸ್ಕೊಂಡು ಆಗ್ಲೇ ಹೊರಟುಬಿಡ್ತಾನೆ. ಈ ವಿವರ ಬರೋದು ಮಿಸ್ ಬೇಟ್ಸ್‌ಳ ಉದ್ದುದ್ದ ಮಾತಿನ ನಡುವೆ, ಕುದುರೆಗೆ ನೆಗಡಿ ಆಗಿತ್ತು ಅನ್ನೋದರ ಪಕ್ಕದಲ್ಲಿ. ಆ ಮಾತು ಕೇಳ್ತಾ ಕೂತ ಎಮ್ಮಾಗೆ ಒಂದು ಯೋಚ್ನೆ ಬರತ್ತೆ, ಈ ಲೋಕದಲ್ಲಿ ಮಿಸೆಸ್ ಚರ್ಚಿಲ್ ಅಂದ್ರೆ ಎಲ್ಲಾ, ಜೇನ್ ಫೇರ್‌ಫ್ಯಾಕ್ಸ್ ಅಂದ್ರೆ ಏನೂ ಇಲ್ಲ ಅಂತ. ಈ ಹೋಲಿಕೆಗೆ ಕೊನೇಲಿ ಮತ್ತೆ ಬರ್ತೀನಿ.

ಫ್ರ್ಯಾಂಕ್ ವಾಪಸ್ ಹೋಗಿ 36 ಗಂಟೆ ಒಳಗೆ ಆಕೆ ಸತ್ಲು. ಇದ್ದಕ್ಕಿದ್ದಂಗೆ ಬಂದ ಬೇರೆಯದೇ ಥರದ ಅಟ್ಯಾಕು, ಸ್ವಲ್ಪ ಹೊತ್ತು ಒದ್ದಾಟ, ಮುಗೀತು. ಈ ಸುದ್ದಿ ಹೈಬರಿಗೆ ಮುಟ್ಟಿದಾಗಿನ ಪ್ಯಾರಾ ಇದೆಯಲ್ಲ, ಅದನ್ನ ನಿಧಾನಕ್ಕೆ ಓದ್ಬೇಕು. ಎಲ್ಲರ ಮುಖದಲ್ಲೂ ಒಂದಿಷ್ಟು ಗಾಂಭೀರ್ಯ ಬರತ್ತೆ, ಒಂದಿಷ್ಟು ದುಃಖ, ಸ್ವಲ್ಪ ಹೊತ್ತಾದ ಮೇಲೆ ಎಲ್ಲಿ ಮಣ್ಣು ಮಾಡ್ತಾರೆ ಅನ್ನೋ ಕುತೂಹಲ. ವೆಸ್ಟನ್ ತಲೆ ಆಡಿಸಿ ಪಾಪ ಯಾರು ಅಂದ್ಕೊಂಡಿದ್ರು ಅಂತಾರೆ, ಅಂದು ಸೂತಕದ ಬಟ್ಟೆ ಒಳ್ಳೇ ಗ್ರ್ಯಾಂಡಾಗೇ ಇರ್ಬೇಕು ಅಂತ ತೀರ್ಮಾನ ಮಾಡ್ತಾರೆ, ಅವರ ಹೆಂಡತಿ ಕಪ್ಪು ಬಟ್ಟೆಯ ಅಗಲವಾದ ಅಂಚು ಹೊಲೀತಾ ನಿಟ್ಟುಸಿರು ಬಿಡ್ತಾರೆ. ಕನಿಷ್ಠ 25 ವರ್ಷ ಎಲ್ಲರೂ ದ್ವೇಷಿಸಿದ ಹೆಂಗಸಿನ ಬಗ್ಗೆ ಈಗ ಕನಿಕರದ ಮಾತು ಶುರುವಾಗತ್ತೆ. ಒಂದು ವಿಷಯದಲ್ಲಂತೂ ಆಕೆ ಪೂರ್ತಿ ಗೆದ್ದಳು ಅಂತ ಆಸ್ಟೆನ್ ಬರೀತಾಳೆ: ಆಕೆಗೆ ನಿಜವಾಗ್ಲೂ ಕಾಯಿಲೆ ಇದೆ ಅಂತ ಅಲ್ಲಿವರೆಗೆ ಯಾರೂ ಒಪ್ಪಿರ್ಲಿಲ್ಲ, ಸಾವು ಆಕೆಯನ್ನ ಆ ಸುಳ್ಳಿನ ಆರೋಪದಿಂದ ಬಿಡುಗಡೆ ಮಾಡ್ತು. ಪಾಪ ಎಷ್ಟು ನೋವು ತಿಂದಿದ್ಲೋ, ಸದಾ ನೋವಿದ್ರೆ ಯಾರಿಗೆ ತಾನೇ ಸಿಟ್ಟು ಬರಲ್ಲ ಅಂತ ಊರೋರು ಮಾತಾಡ್ಕೋತಾರೆ. ಆಸ್ಟೆನ್ ಧಾಟೀಲಿ ಇಲ್ಲಿ ವ್ಯಂಗ್ಯ ಇದೆ ಅಂತ ಎಲ್ಲರೂ ಹೇಳ್ತಾರೆ, ಇದೆ, ಆದ್ರೆ ಆ ವ್ಯಂಗ್ಯ ಸತ್ತವಳ ಮೇಲಲ್ಲ, ಬದುಕಿರೋರ ಮೇಲೆ ಅನ್ನೋದು ನನ್ನ ಗಟ್ಟಿ ಅಭಿಪ್ರಾಯ. ಹುಷಾರಿಲ್ಲ ಅಂತ ನಂಬಿಸೋಕೆ ಒಬ್ಬ ಹೆಂಗಸು ಸಾಯ್ಬೇಕಾಯ್ತು ಅನ್ನೋದನ್ನ ಅಷ್ಟು ಸ್ಪಷ್ಟವಾಗಿ ಬರೆದಿರೋದು ಸುಮ್ನೆ ಅಲ್ಲ.

ಹಾಗೆ ಅನ್ನೋಕೆ ನನಗೆ ಇನ್ನೊಂದು ದೊಡ್ಡ ಕಾರಣ ಇದೆ, ಅದು ಎಮ್ಮಾಳ ಅಪ್ಪ ವುಡ್‌ಹೌಸ್ ಯಜಮಾನ್ರು. ಜೀವನಪೂರ್ತಿ ಹುಷಾರಿಲ್ಲ ಅಂತಾನೇ ಇರೋರು. ಗಾಳಿ ತಾಗ್ಬಾರ್ದು, ಹಿಮ ಬಿದ್ರೆ ಹೆದರಿಕೆ, ಬೇರೆಯವರ ಮದುವೆ ಕೇಕು ತಿಂದ್ರೆ ಕಷ್ಟ ಅಂತ ಅದಕ್ಕೂ ಪೆರ್ರಿ ಡಾಕ್ಟರನ್ನ ಕೇಳೋರು, ಮನೆಗೆ ಬಂದ ಅತಿಥಿಗಳಿಗೂ ಗಂಜಿ ಕುಡೀರಿ ಅನ್ನೋರು. ಇವರ ಕಾಯಿಲೆ ಎಮ್ಮಾಳ ಜೀವನಕ್ಕೆ ಹಾಕಿರೋ ಬೇಲಿ ಎಷ್ಟು ಎತ್ತರ ಗೊತ್ತಾ? 21 ವರ್ಷ ಆಗ್ತಾ ಬಂದ ಸಾಹುಕಾರರ ಮನೆ ಹುಡುಗಿ ಇನ್ನೂ ಸಮುದ್ರ ನೋಡಿಲ್ಲ, ಸಮುದ್ರದ ಮಾತೇ ಎತ್ತಬೇಡಿ ಹೊಟ್ಟೆ ಉರಿಯತ್ತೆ ಅಂತ ಅವಳೇ ಹೇಳ್ತಾಳೆ. ಬಾಕ್ಸ್ ಹಿಲ್ ಏಳೇ ಮೈಲಿ ದೂರ, ಆ ಪಿಕ್ನಿಕ್ ದಿನದವರೆಗೆ ಅಲ್ಲಿಗೂ ಹೋಗಿರಲಿಲ್ಲ. ಮದುವೆ ಆದ ಮೇಲೂ ಅಪ್ಪನ್ನ ಬಿಟ್ಟು ಹೋಗೋಕಾಗಲ್ಲ ಅಂತ ನೈಟ್ಲಿನೇ ತನ್ನ ದೊಡ್ಡ ಮನೆ ಬಿಟ್ಟು ಮಾವನ ಮನೇಲಿ ಬಂದಿರೋಕೆ ಒಪ್ಕೋತಾನೆ. ಎನ್ಸ್‌ಕೂಮ್‌ನಲ್ಲಿ ಅತ್ತೆ ಮಾಡಿದ್ದೂ ಇದನ್ನೇ ಅಲ್ವಾ, ತನ್ನ ಕಾಯಿಲೆಯಿಂದ ಮನೆಮಂದಿನ ಹತ್ತಿರ ಕಟ್ಟಿಹಾಕಿದ್ದು? ಅಲ್ಲಿ ಅದಕ್ಕೆ ದಬ್ಬಾಳಿಕೆ ಅಂತ ಹೆಸರು, ಎಮ್ಮಾಳ ಮನೆ ಹಾರ್ಟ್‌ಫೀಲ್ಡಲ್ಲಿ ಅದೇ ಮುದ್ದು. ಯಜಮಾನ್ರ ಸ್ವಭಾವ ಮೃದು, ಎಲ್ಲರ ಮೇಲೂ ಪ್ರೀತಿ, ಆಕೆಯದು ಕಟು, ಆ ವ್ಯತ್ಯಾಸ ನಾನು ಒಪ್ತೀನಿ. ಆದ್ರೆ ಯುವಕನೊಬ್ಬ ಅಷ್ಟು ಕಟ್ಟುಬೀಳೋದು ಹೇಗೆ, ಹುಡುಗಿ ಆದ್ರೆ ಅರ್ಥ ಆಗತ್ತೆ ಅಂತ ಎಮ್ಮಾ ಫ್ರ್ಯಾಂಕ್ ಬಗ್ಗೆ ಹೇಳುವಾಗ, ಹೇಳ್ತಿರೋಳೇ ಕಟ್ಟುಬಿದ್ದಿರೋ ಹುಡುಗಿ ಅನ್ನೋದು ಅವಳಿಗೆ ಹೊಳೆಯಲ್ಲ. ಒಂದೇ ಕಾದಂಬರೀಲಿ ಎರಡು ಮನೆ, ಎರಡರಲ್ಲೂ ಒಬ್ಬೊಬ್ಬ ಕಾಯಿಲೆಯವರು, ಒಬ್ಬರು ಪ್ರತಿ ಪುಟದಲ್ಲೂ ಕಣ್ಮುಂದೆ, ಇನ್ನೊಬ್ಬರು ಕೊನೆವರೆಗೂ ಮರೆಯಲ್ಲಿ. ಕಣ್ಮುಂದೆ ಇರೋರನ್ನ ಕ್ಷಮಿಸೋದು ಸುಲಭ. ಮಿಸೆಸ್ ಚರ್ಚಿಲ್‌ನ ಒಂದೇ ಒಂದು ಸಂಜೆ ಸೋಫಾ ಮೇಲೆ ಮಲಗಿರೋ ಹಾಗೆ ತೋರ್ಸಿದ್ರೂ ನಮ್ಮ ತೀರ್ಪು ಬೇರೆ ಇರ್ತಿತ್ತು.

ಆಕೆ ಎಲ್ಲಾನೂ ಆಳ್ತಿದ್ಲು ಅನ್ನೋ ಮಾತಿಗೂ ಒಂದು ತಳ ಇದೆ. ಆಗಿನ ಇಂಗ್ಲೆಂಡಿನ ಸಾಮಾನ್ಯ ಕಾನೂನಲ್ಲಿ ಮದುವೆಯಾದ ಹೆಂಗಸಿಗೆ ತನ್ನದು ಅಂತ ಆಸ್ತಿ ಇರೋಹಾಗಿಲ್ಲ, ಅದು ಸರಿಯಾಗಿ ಬದಲಾಗಿದ್ದು 1882ರ ಕಾಯ್ದೆ ಬಂದ ಮೇಲೆ. ಎನ್ಸ್‌ಕೂಮ್ ಇದ್ದಿದ್ದು ಗಂಡನ ಕೈಯಲ್ಲಿ. ಫ್ರ್ಯಾಂಕ್‌ಗೆ ಆಸ್ತಿ ಕೊಡೋದು ಬಿಡೋದು ಸಹಿ ಮಟ್ಟಕ್ಕೆ ಬಂದ್ರೆ ಆತನದೇ. ಆತ ಮೆತ್ತಗಿನ ಮನುಷ್ಯ, ಯಾರು ಹೇಗೆ ತಿರುಗಿಸಿದ್ರೆ ಹಾಗೆ ತಿರುಗೋನು, ಆದ್ರಿಂದ ಆಕೆಯ ಅಧಿಕಾರ ಪೂರ್ತಿ ಆಕೆಯ ಮಾತಿನ ಗಡಸಿನ ಮೇಲೆ, ಕಾಯಿಲೆ ಮೇಲೆ ನಿಂತಿತ್ತು. ಸತ್ತ ತಕ್ಷಣ ಅದು ಹೇಗೆ ಕರಗಿಹೋಗತ್ತೆ ನೋಡಿ. ಶವ ಯಾರ್ಕ್‌ಶೈರ್‌ಗೆ ಹೊರಟ ಮೇಲೆ ಗಂಡ ಹೋಗೋದು ವಿಂಡ್ಸರ್‌ನ ಹಳೇ ಫ್ರೆಂಡ್ ಮನೆಗೆ, ಹತ್ತು ವರ್ಷದಿಂದ ಬರ್ತೀನಿ ಬರ್ತೀನಿ ಅಂತಿದ್ದ ಮನೆ. ಅಲ್ಲೇ ಫ್ರ್ಯಾಂಕ್ ಜೇನ್ ವಿಷಯ ಹೇಳ್ತಾನೆ, ಮಾವ ಹೆಚ್ಚು ಒತ್ತಾಯ ಇಲ್ದೇನೇ ಒಪ್ಕೋತಾನೆ. ಅತ್ತೆ ಅಡ್ಡ ಇದ್ಲು, ಸತ್ಲು, ಇವನು ಬಾಯಿ ಬಿಟ್ರೆ ಸಾಕಾಯ್ತು, ಎಲ್ಲರಿಗೂ ಅನ್ಯಾಯ ಮಾಡಿದ್ರೂ ಎಲ್ಲರೂ ಖುಷಿಯಾಗಿ ಕ್ಷಮಿಸ್ತಾರೆ, ಎಂಥಾ ಅದೃಷ್ಟವಂತ ಅಂತ ನೈಟ್ಲಿ ಹೊಟ್ಟೇಲಿದ್ದಿದ್ದನ್ನ ಕಕ್ಕೋದು ಇದಕ್ಕೇ. ಆ ಮಾತು ಮುಗಿದ ಕೆಲವೇ ನಿಮಿಷಕ್ಕೆ ನೈಟ್ಲಿ ಎಮ್ಮಾಗೆ ಪ್ರಪೋಸ್ ಮಾಡ್ತಾನೆ ಅನ್ನೋದನ್ನೂ ಮರೀಬೇಡಿ. ಫ್ರ್ಯಾಂಕ್ ಗುಟ್ಟು ಹೊರಬಂದಿದ್ದಕ್ಕೇ ಅವನು ಎಮ್ಮಾಗೆ ಸಮಾಧಾನ ಹೇಳೋಕೆ ಓಡಿಬಂದಿದ್ದು, ಆ ಗುಟ್ಟು ಹೊರಬಂದಿದ್ದು ಆಕೆಯ ಸಾವಿಂದ. ಎರಡು ಮದುವೆ ಒಂದು ಹೆಣದ ಮೇಲೆ ನಿಂತಿವೆ.

ಇನ್ನು ವೆಸ್ಟನ್ ಎಸೆಯೋ ಕೊನೇ ಕಲ್ಲು. ಚರ್ಚಿಲ್‌ನ ಮದುವೆ ಆಗೋ ಮುಂಚೆ ಅವಳು ಏನೂ ಅಲ್ಲ, ಹೇಳಿಕೊಳ್ಳೋ ಮನೆತನಾನೂ ಅಲ್ಲ, ಚರ್ಚಿಲ್ ಆದ ಮೇಲೆ ಹುಟ್ಟಾ ಚರ್ಚಿಲ್‌ಗಳಿಗಿಂತ ಹೆಚ್ಚು ಗತ್ತು ಮಾಡಿದ್ಲು ಅಂತ. ಅಂದ್ರೆ ಸಾಧಾರಣ ಮನೆಯಿಂದ ಬಂದು ಎನ್ಸ್‌ಕೂಮ್ ಸೊಸೆಯಾದ ಹುಡುಗಿ. ಈಗ ಜೇನ್‌ನ ನೋಡಿ, ಲೆಫ್ಟಿನೆಂಟ್ ಒಬ್ಬನ ಅನಾಥ ಮಗಳು, ಕಾಸಿಲ್ಲ, ಗವರ್ನೆಸ್ ಕೆಲಸಕ್ಕೆ ಹೂಂ ಅಂದುಬಿಟ್ಟಿದ್ದೋಳು, ಫ್ರ್ಯಾಂಕ್‌ನ ಮದುವೆಯಾದ್ರೆ ಅವಳ ಹೆಸರೂ ಮಿಸೆಸ್ ಚರ್ಚಿಲ್. ಎಲ್ಲಾ ಆಗಿದ್ದವಳು, ಏನೂ ಅಲ್ಲದವಳು ಅಂತ ಎಮ್ಮಾ ಹೋಲಿಸಿದ್ಲಲ್ಲ, ಇಬ್ರೂ ಹೊರಟಿದ್ದು ಹೆಚ್ಚು ಕಡಿಮೆ ಒಂದೇ ಜಾಗದಿಂದ. ಕೊನೇ ಭಾಗದಲ್ಲಿ ಫ್ರ್ಯಾಂಕು ಎಮ್ಮಾ ಕಿವೀಲಿ ಸಂಭ್ರಮದಿಂದ ಹೇಳ್ತಾನೆ, ಮಾವ ಅತ್ತೆಯ ಒಡವೆ ಎಲ್ಲಾ ಜೇನ್‌ಗೇ ಕೊಡ್ತಾರಂತೆ, ಮುರಿಸಿ ಹೊಸದಾಗಿ ಕಟ್ಟಿಸ್ತೀವಿ, ತಲೆಗೊಂದು ಆಭರಣ ಮಾಡಿಸ್ಬೇಕು, ಅವಳ ಕಪ್ಪು ಕೂದಲಿಗೆ ಎಷ್ಟು ಚೆಂದ ಕಾಣತ್ತೆ ಅಲ್ವಾ ಅಂತ. ತಾಯಿ ಥರ ಸಾಕಿದವಳ ಬಗ್ಗೆ ಆ ಮಾತಲ್ಲಿ ಬೇರೆ ಏನೂ ಇಲ್ಲ.

ನನಗೆ ಅಲ್ಲಿ ಜೇನ್ ಬಗ್ಗೆ ಭಯ ಆಗತ್ತೆ. ಮಿಸೆಸ್ ಚರ್ಚಿಲ್ ಸಾವಿನ ಸುದ್ದಿ ಬರೋ ಅದೇ ಅಧ್ಯಾಯದಲ್ಲಿ ಪೆರ್ರಿ ಡಾಕ್ಟರ್ ಜೇನ್‌ನ ನೋಡಿ ಬಂದು ಚಿಂತೆ ಮಾಡ್ತಾರೆ, ಊಟ ಸೇರ್ತಿಲ್ಲ, ಆರೋಗ್ಯ ಪೂರ್ತಿ ಕೆಟ್ಟಿದೆ, ಎದೆಯ ಕಾಯಿಲೆ ಬರ್ಬಹುದು ಅನ್ನೋ ಹೆದರಿಕೆ ಆ ಮನೇಲಿ ಮೊದಲಿಂದ್ಲೂ ಇದೆ. ಆಸ್ಟೆನ್ ತನ್ನ ಪಾತ್ರಗಳು ಮುಂದೆ ಏನಾದ್ವು ಅಂತ ಮನೆಯೋರ ಹತ್ರ ಹೇಳ್ತಿದ್ಲು ಅಂತ ಆಕೆಯ ಕುಟುಂಬದೋರು ದಾಖಲೆ ಮಾಡಿದಾರೆ, ಅದ್ರಲ್ಲಿ ಉಳಿದು ಬಂದಿರೋ ಒಂದು ಮಾತಿನ ಪ್ರಕಾರ ಜೇನ್ ಮದುವೆಯಾದ ಮೇಲೆ ಬದುಕಿದ್ದು ಒಂಬತ್ತೋ ಹತ್ತೋ ವರ್ಷ ಅಷ್ಟೇ. ಆ ವರ್ಷಗಳಲ್ಲಿ ಅವಳು ತಲೆನೋವು, ಆಗ್ತಿಲ್ಲ ಅಂದಾಗ ಫ್ರ್ಯಾಂಕ್ ನಂಬಿದ್ನಾ, ಇಲ್ಲಾ ಎಲ್ಲಿಗಾದ್ರೂ ಹೋಗೋಕೆ ಮನಸ್ಸಿಲ್ದಾಗ ಮಿಸೆಸ್ ಚರ್ಚಿಲ್‌ಗೆ ಹುಷಾರಿಲ್ಲ ಅಂತ ಮತ್ತೆ ಕಾಗದ ಬರೆದ್ನಾ ಅನ್ನೋದು ಪುಸ್ತಕದ ಆಚೆಗೆ ಉಳ್ಕೊಳತ್ತೆ.